ಅಪ್ಪನ ಟೀ ಶರ್ಟಿನಲ್ಲಿ ಹೊಲಿದ ಅಂಗಿ

“ಎಳೀಬ್ಯಾಡ ತಂಗಿ, ಇದು ಹೋದ್ರೆ ಇನ್ನೊಂದು ಎಲ್ಲಿಂದ ತರ್ತೀಯ?” ಎಂದು ಶಿಕಾರಿಪುರದ ಟೈಲರ್ ಗಿರಿಜಕ್ಕ ಮಷೀನು ನಿಲ್ಲಿಸಿದರು. ತೀರಿಕೊಂಡ ಅಪ್ಪನದೆಂದು ಉಳಿದಿದ್ದ ಒಂದೇ ಟೀ ಶರ್ಟು ಅದು. ಹಸುಗೂಸಿಗೆ ಮೊದಲು ಹಿರಿಯರ ಹಳೆ ಬಟ್ಟೆಯನ್ನೇ ಹಾಕಬೇಕೆನ್ನುವ ಅಮ್ಮನ ಜೊತೆ ವಾದಿಸಿ ಸೋತು, ಅಕ್ಕನ ಮಗುವಿಗೆ ಅದರಲ್ಲೇ ಅಂಗಿ ಹೊಲಿಯಲು ಗಿರಿಜಕ್ಕನ ಮಷೀನಿನ ಮುಂದೆ ಕೂತಿದ್ದೆ. ಸೂಜಿ ಹೋದಲ್ಲೆಲ್ಲ ತೂತು ಬೀಳುತ್ತಿತ್ತು. “ಈ ಸೂಜಿ ಇದಕ್ಕೆ ಆಗಲ್ಲ,” ಎಂದರು ಗಿರಿಜಕ್ಕ.

“ಸೂಜಿ ಯಾವುದಾದ್ರೇನಕ್ಕ?” ಎಂದೆ.

“ವಾದ ಆಮೇಲೆ ಮಾಡು. ಹಿಗ್ಗೋ ಬಟ್ಟೆ ಇದು, ಚೂಪು ಸೂಜಿ ಎಳೆ ಕಡೀತೈತೆ,” ಎಂದು ಮೊಂಡು ತುದಿಯ ಸೂಜಿ ಹಾಕಿಕೊಟ್ಟರು. ಎಳೆಯದೆ ಬಿಟ್ಟೆ, ಬಟ್ಟೆ ತಾನೇ ಸಾಗಿತು.

ಆ ಅಂಗಿ ತೊಟ್ಟ ಮಗುವನ್ನು ಎತ್ತಿಕೊಂಡಾಗ, ಚಿಕ್ಕವಳಿದ್ದಾಗ ಸೊರಬದ ಚರ್ಚಾಸ್ಪರ್ಧೆಗೆ ಬೈಕಿನಲ್ಲಿ ಅಪ್ಪನ ಬೆನ್ನಿಗೆ ಒರಗಿ ಹೋಗುವಾಗ ಕೆನ್ನೆಗೆ ತಾಗುತ್ತಿದ್ದ ಮೆತ್ತನೆ ಬಟ್ಟೆಯೇ ಕೈಗೆ ಸಿಕ್ಕಿತು. ಹಳೆ ಬಟ್ಟೆ ಹಾಕುವ ಅಮ್ಮನ ಆ ಪದ್ಧತಿಯನ್ನು ನಾನು ಈಗಲೂ ಒಪ್ಪುವುದಿಲ್ಲ. ಮಗುವನ್ನು ಮಾತ್ರ ಬೇಗ ಕೆಳಗಿಳಿಸಲಿಲ್ಲ.