ಎರೆಮಣ್ಣಿಗೆಂದು ಕಟ್ಟಿಸಿದ ಗಾಲಿಗಳು

ಚಿಕ್ಕೋಡಿಯಲ್ಲಿ ನಾನು ದನಕರುಗಳ ಡಾಕ್ಟರ್. ಸರ್ಕಾರಿ ನೌಕರಿಯಲ್ಲ, ಸ್ವಂತದ್ದು. ಮುಂಜಾನೆ ಸದಲಗಾ ಕಡೆಯ ಎಮ್ಮೆಗಳನ್ನು ನೋಡುತ್ತೇನೆ, ಊಟವಾದ ಮೇಲೆ ಅಥಣಿ, ಕಾಗವಾಡದ ಕಡೆಯ ಕುರಿಹಟ್ಟಿಗಳನ್ನು. ಎಮ್ಮೆ ಇರುವ ಮನೆಯ ಬಾಗಿಲತನಕ ಡಾಂಬರು ಇರುತ್ತದೆ. ಕುರಿಗಳು ಇವತ್ತು ಒಬ್ಬರ ಹೊಲದಲ್ಲಿ ತಂಗಿದರೆ ನಾಳೆ ಇನ್ನೊಬ್ಬರದರಲ್ಲಿ. ಹಾಗಾಗಿ ಡಾಂಬರಿಗೂ ಹೊಲದ ದಾರಿಗೂ ಆಗುವಂಥ ಎತ್ತರದ ಬೈಕು ಕೊಂಡಿದ್ದೆ.

ಐಗಳಿಯ ಆಚೆ ಒಂದು ಹಟ್ಟಿಯಿಂದ ಕರೆ ಬಂದ ದಿನ ಆಗಷ್ಟೇ ಮಳೆ ನಿಂತಿತ್ತು. ಗಬ್ಬದ ಕುರಿಯೊಂದು ಮರಿ ಹಾಕಲಾರದೆ ನರಳುತ್ತಿತ್ತು. ರಸ್ತೆ ಬಿಟ್ಟು ಹೊಲಕ್ಕೆ ಇಳಿದದ್ದೇ ತಡ, ಎರೆಮಣ್ಣು ಟೈರಿನ ಹಲ್ಲುಗಳ ಸಂದಿಯನ್ನೆಲ್ಲ ತುಂಬಿತು. ಆಮೇಲೆ ಮಡ್‌ಗಾರ್ಡಿನೊಳಗೂ ತುರುಕಿಕೊಂಡಿತು. ಮುಂದಿನ ಗಾಲಿ ತಿರುಗುವುದೇ ನಿಂತಿತು. ಬೈಕನ್ನು ಅಲ್ಲೇ ಬಿಟ್ಟು ಚೀಲ ಹೊತ್ತು ನಡೆದೆ. ನಾನು ಮುಟ್ಟುವ ಹೊತ್ತಿಗೆ ಕುರಿ ಸತ್ತಿತ್ತು, ಮರಿಯೂ ಉಳಿದಿರಲಿಲ್ಲ. ಹಟ್ಟಿಯ ಹಿರಿಯಾಕೆ, ನಾನು ಆಯಿ ಎಂದು ಕರೆಯುವವಳು, ಬೈಯಲಿಲ್ಲ. ಮೊಣಕಾಲುಮಟ ಕೆಸರಾಗಿದ್ದ ನನ್ನ ಕಾಲಿಗೆ ನೀರು ಹಾಕಿ, ಚಹಾ ಕೊಟ್ಟು, “ನೀವರ ಏನ್ ಮಾಡ್ತೀರಿ ಬಾಯಾರ, ಭೂಮಿ ಬಿಡಬೇಕಲ್ಲ” ಎಂದಳು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಬೋರಗಾಂವದಲ್ಲಿ ಪವರ್‌ಲೂಮ್ ನಡೆಸುತ್ತಾರೆ. ಯಂತ್ರದ ಮಾತು ಬಂದರೆ ಅವರಿಗೆ ಊಟ ನೆನಪಾಗುವುದಿಲ್ಲ. ಕೆಸರಿನ ಟೈರು ಹಾಕಿಸಿದರಾಯಿತು ಎಂದರು. ಆದರೆ ಕೆಸರು ಸಿಡಿದು ಹೋಗಲೆಂದು ಹಲ್ಲುಗಳನ್ನು ದೂರ ದೂರ ಇಟ್ಟ ಆ ಟೈರು ಡಾಂಬರಿನ ಮೇಲೆ ನಡುಗುತ್ತದೆ, ಬೇಗ ಸವೆಯುತ್ತದೆ. ನನ್ನ ಓಡಾಟದಲ್ಲಿ ಡಾಂಬರೇ ಹೆಚ್ಚು. ಮುಗಿಲು ನೋಡಿ ದಿನಾ ಟೈರು ಕಳಚಿ ಹಾಕುವವರು ಯಾರು? ಕಡೆಗೆ ಇನ್ನೊಂದು ಜೊತೆ ಗಾಲಿಯನ್ನೇ ಮಾಡಿಸುವುದೆಂದಾಯಿತು. ಟೈರು, ಬ್ರೇಕಿನ ತಟ್ಟೆ, ಚೈನಿನ ಹಲ್ಲುಚಕ್ರ ಎಲ್ಲ ಸೇರಿ ತಯಾರಿದ್ದರೆ ಅಚ್ಚು ಬಿಚ್ಚಿ ಗಾಲಿ ಬದಲಿಸಿದರೆ ಮುಗಿಯಿತು.

ಎಂಥ ಗಾಲಿ ಎಂಬುದಕ್ಕೆ ಚರ್ಚೆ ನಡೆಯಿತು. ಬೈಕಿನ ಈಗಿನ ಗಾಲಿಗಳಿಗೇ ಕೆಸರಿನ ಟೈರು ಹಾಕಿಟ್ಟುಕೊಂಡು, ರಸ್ತೆಗೆಂದು ಸಣ್ಣ, ಅಗಲದ ಗಾಲಿ ಕೊಳ್ಳೋಣ, ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತದೆ ಎಂದು ಅವರು. ಬೈಕು ಕುಳ್ಳಗಾದರೆ ರಸ್ತೆಯಂಚಿನ ಸಣ್ಣ ಕಾಲುವೆ ದಾಟುವುದು ಕಷ್ಟ ಎಂದು ನಾನು. ಅವರಂದದ್ದು ತಪ್ಪಲ್ಲ, ಆದರೆ ಕೆಸರಿಗೆ ಇಳಿಯುವವಳು ನಾನು. ಇದ್ದ ಅಳತೆಯದೇ ಎತ್ತರದ ಮುಂಗಾಲಿ, ಮಣ್ಣು ಮಡ್‌ಗಾರ್ಡಿಗೆ ತುರುಕದಂತೆ ತುಸು ಕಿರಿದಾದ ರಿಮ್, ತಂತಿ ಸ್ಪೋಕು ಎಂದು ತೀರ್ಮಾನಿಸಿದೆ. ಎತ್ತಿ ಹಾಕುವವಳೂ ನಾನೇ ಆದ್ದರಿಂದ ಕಬ್ಬಿಣ ಬಿಟ್ಟು ಹಗುರವಾದ ಅಲ್ಯುಮಿನಿಯಂ ಆರಿಸಿದೆ.

ಕಟ್ಟಿಸಲು ಇಬ್ಬರೂ ನಿಪ್ಪಾಣಿಗೆ ಹೋದೆವು. ಸ್ಪೋಕು ಹೆಣೆಯುವುದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ನಡುವೆ ಹಬ್, ಸುತ್ತಲೂ ಬರಿಯ ಬಳೆಯಂಥ ರಿಮ್. ಗಾಲಿ ಕಟ್ಟುವವರು ಒಂದೊಂದೇ ತಂತಿಯನ್ನು ಒಂದರ ಮೇಲೊಂದು ಹಾಯಿಸಿ ಸಿಕ್ಕಿಸಿದರು. ಒಂದು ಸ್ಪೋಕನ್ನು ಕೈಯಲ್ಲಿ ಹಿಡಿದು ನೋಡಿದೆ, ಬೆರಳಲ್ಲೇ ಬಳುಕುತ್ತಿತ್ತು. ಎಲ್ಲ ಸಿಕ್ಕಿಸಿದ ಮೇಲೆ ಗಾಲಿಯನ್ನು ಚೌಕಟ್ಟಿಗೇರಿಸಿ ತಿರುಗಿಸಿದಾಗ ಅದು ಕುಡಿದವರ ಹಾಗೆ ಅತ್ತಿತ್ತ ವಾಲಿತು. ಅವರು ಇಲ್ಲಿ ಚೂರು ಬಿಗಿದರು, ಅಲ್ಲಿ ಚೂರು ಸಡಿಲಿಸಿದರು. ವಾಲಾಟ ಕಡಿಮೆಯಾಗುತ್ತ ಬಂತು. ಒಂದು ಗಳಿಗೆಯಲ್ಲಿ ಗಾಲಿ ಜೋರಾಗಿ ತಿರುಗುತ್ತಿದ್ದರೂ ರಿಮ್ ಮಾತ್ರ ನಿಂತಂತೆ ಕಂಡಿತು. ಆಮೇಲೆ ಅದನ್ನು ನೆಲಕ್ಕಿಳಿಸಿ ನನ್ನ ಭಾರವನ್ನೆಲ್ಲ ಹಾಕಿ ಒತ್ತಿದೆ, ಕದಲಲಿಲ್ಲ. ಬೆರಳಲ್ಲಿ ಬಳುಕಿದ ತಂತಿಗೆ ಈ ಬಲ ಎಲ್ಲಿಂದ ಬಂತು?

ನನ್ನ ಗಂಡ ಸ್ಪೋಕುಗಳನ್ನು ಒಂದೊಂದಾಗಿ ಬೆರಳಿಂದ ಮೀಟಿ ನೋಡಿದರು. ಆಮೇಲೆ, “ಮಗ್ಗದಾಗ ಎಳಿ ಹರಿದ್ರ ಬಟ್ಟಿ ಕೆಡತೈತಿ, ಅಷ್ಟ” ಎಂದರು. “ಈ ಎಳಿ ಮ್ಯಾಲ ನೀ ಕುಂತಿರ್ತಿ.” ವಾಪಸ್ಸು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಒಂದು ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು.

ಮುಂದಿನ ಮಳೆಗೆ ಆಯಿಯ ಹಟ್ಟಿ ಕಾಗವಾಡದ ಹತ್ತಿರ ಇತ್ತು. ಮತ್ತೆ ಅದೇ ತೊಂದರೆ, ಬೇರೆ ಕುರಿ. ಹೊಸ ಗಾಲಿ ಹಾಕಿಕೊಂಡೇ ಹೊರಟೆ. ಹೊಲಕ್ಕೆ ಇಳಿದಾಗ ಮೈ ಗಟ್ಟಿ ಮಾಡಿಕೊಂಡಿದ್ದೆ. ಮಣ್ಣು ಹಲ್ಲಿಗೆ ಹತ್ತಿತು, ಆದರೆ ಗಾಲಿ ಉರುಳಿದಂತೆ ಹೆಂಟೆ ಹೆಂಟೆಯಾಗಿ ಹಿಂದಕ್ಕೆ ಸಿಡಿಯಿತು. ಬೈಕು ಒಮ್ಮೆ ಅಡ್ಡ ಜಾರಿ, ತಾನೇ ನೆಟ್ಟಗಾಗಿ, ಮುಂದೆ ಹೋಯಿತು. ಹೆಲ್ಮೆಟ್ಟಿನೊಳಗೆ ನಾನು ಒಬ್ಬಳೇ ನಗುತ್ತಿದ್ದೆ.

ಮರಿಯ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಸರಿಪಡಿಸಿ ಎಳೆದುಕೊಂಡೆ. ಒದ್ದೆ ಮುದ್ದೆಯಂತೆ ಬಿದ್ದಿದ್ದ ಅದರ ಮೂಗು ಒರೆಸಿ, ಎದೆ ತಿಕ್ಕಿದ ಮೇಲೆ ಸೀನಿತು. ತಾಯಿ ನೆಕ್ಕತೊಡಗಿತು. ಸ್ವಲ್ಪ ಹೊತ್ತಿಗೆ ಮರಿ ಹಿಂಗಾಲೂರಿ ಎದ್ದು, ಬಿದ್ದು, ಮತ್ತೆ ಎದ್ದಿತು. ಇದನ್ನು ಎಷ್ಟೋ ಸಲ ನೋಡಿದ್ದೇನೆ. ಈಗಲೂ ಮರಿ ಗಟ್ಟಿಯಾಗಿ ನಿಲ್ಲುವತನಕ ನಾನು ಕೈ ತೊಳೆಯಲು ಏಳುವುದಿಲ್ಲ.

ಕೈ ತೊಳೆದುಕೊಳ್ಳುತ್ತಿದ್ದಾಗ ಆಯಿ ಬೈಕಿನ ಸುತ್ತ ಒಂದು ಸುತ್ತು ಬಂದಳು. ಹೊಲದ ಆ ತುದಿಯಲ್ಲಿ ಉಳಿದ ಹಿಂಡು ಮೇಯುತ್ತಿತ್ತು. ಅಲ್ಲಿತನಕ ತನ್ನನ್ನು ಕರೆದೊಯ್ಯಬಹುದೇ ಎಂದು ಕೇಳಿದಳು. ಜೀವಮಾನವೆಲ್ಲ ನಡೆದೇ ತಿರುಗಿದವಳು. ಸೀರೆ ಕಚ್ಚೆ ಬಿಗಿದು, ನನ್ನ ಭುಜ ಹಿಡಿದು ಹಿಂದೆ ಕೂತಳು. ಮೆಲ್ಲಗೆ ಬಿಟ್ಟೆ. ಮೋಡ ಸರಿದು ಬಿಸಿಲು ಬಿದ್ದಿತ್ತು, ಒದ್ದೆ ನೆಲವೆಲ್ಲ ಹೊಳೆಯುತ್ತಿತ್ತು. ಭುಜದ ಮೇಲಿನ ಅವಳ ಹಿಡಿತ ಬಿಗಿಯಾಯಿತು. ಹೆದರಿದಳೇನೋ ಎಂದು, ನಿಲ್ಲಿಸಲೇ ಎಂದು ಕೇಳಿದೆ.

“ಬ್ಯಾಡ್ರಿ” ಎಂದಳು. “ನಾವು ಕುಂತೀವಿ, ಭೂಮಿನ ನಡಿಯಾಕತ್ತೈತಿ.”