ಪರಸಪ್ಪನ ಚಕ್ಕಡಿಗೆ ಎಂಟು ಗಾಲಿ

ದೇವರ ಹಿಪ್ಪರಗಿಯ ಗುಜರಿ ಅಂಗಡಿಯ ದಸ್ತಗೀರಸಾಬನ ತಕ್ಕಡಿಯತ್ತ ಇಪ್ಪತ್ತು ವರ್ಷ ಯಾರೂ ಬೆರಳು ತೋರಿಸಿರಲಿಲ್ಲ. ಕಬ್ಬಿಣ ತೂಗಲಿಟ್ಟು ಆತ ಎರಡು ಮಾರು ದೂರ ಸರಿದು ಕೈಕಟ್ಟಿ ನಿಲ್ಲುತ್ತಿದ್ದ. “ತೂಕದ ಕಲ್ಲು ನೀವ ಎಣಿಸ್ಕೊಳ್ರಿ” ಎನ್ನುತ್ತಿದ್ದ. ತಿಂಗಳಿಗೊಮ್ಮೆ ಸೊಲ್ಲಾಪುರದ ಲಾರಿ ಬಂದು ನಾಲ್ಕು ಟನ್ ಹೇರಿಕೊಂಡು ಹೋಗುತ್ತಿತ್ತು, ವರ್ಷಕ್ಕೆ ನಲವತ್ತೆಂಟು. ಊರಿನ ಹಳೇ ಕಬ್ಬಿಣಕ್ಕೆ ಬೇರೆ ದಾರಿಯೇ ಇರಲಿಲ್ಲ.

ಎರಡು ಸಾವಿರದ ಇಸವಿಯ ಸುಮಾರಿಗೆ ನಿವೃತ್ತ ಮಾಸ್ತರ ಬಸಂತರಾಯರು ‘ಉಕ್ಕು ಉಳಿಸುವ ಬಳಗ’ ಕಟ್ಟಿದರು. ವರ್ಷ ತುಂಬಿದಾಗ ಬಸ್‌ಸ್ಟ್ಯಾಂಡಿನೆದುರು ಫಲಕ ನಿಲ್ಲಿಸಿ, ಮೈಕಿನಲ್ಲೂ ಸಾರಿದರು: ‘ನಮ್ಮೂರು ಮರುಬಳಕೆಗೆ ಕೊಟ್ಟ ಉಕ್ಕು ೧೨೦ ಟನ್.’ ನಮ್ಮಂಥ ಓದಿದವರು ಚಪ್ಪಾಳೆ ತಟ್ಟಿದೆವು. ಅಂಕಿ ದೊಡ್ಡದಿದ್ದರೆ ನಮ್ಮ ಕೈ ತಡೆಯುವುದಿಲ್ಲ.

ಸಾಲಿಯ ಮೆಟ್ಟಿಲು ಹತ್ತದ ಒಕ್ಕಲಿಗ ಪರಸಪ್ಪ ಮಾತ್ರ ಬೆರಳು ಮಡಚಿ ಎಣಿಸಿದ. ಸಂತೆಯ ದಿನ ಅಂಗಡಿ ಮುಂದೆ ನಿಂತು ಕೂಗಿದ:

“ಏ ದಸ್ತಗೀರ! ಊರು ಕೊಟ್ಟಿದ್ದು ನೂರಾ ಇಪ್ಪತ್ತು, ಲಾರಿ ಒಯ್ದದ್ದು ನಲವತ್ತೆಂಟು. ಎಪ್ಪತ್ತೆರಡು ಟನ್ ನುಂಗಿ ನೀರು ಕುಡದಿ ಏನ್ಲೇ?”

ಸುತ್ತಲಿದ್ದವರು ನಕ್ಕರು. ಮೂವರು ನಗಲಿಲ್ಲ, ತಂದ ಕಬ್ಬಿಣವನ್ನು ಮತ್ತೆ ಹೆಗಲಿಗೇರಿಸಿ ಹೊರಟೇಬಿಟ್ಟರು.

ದಸ್ತಗೀರಸಾಬ ಪರಸಪ್ಪನ ಕೈಹಿಡಿದು ನೇರ ಮಾಸ್ತರರ ಮನೆಗೆ ನಡೆದ.

“ಮಾಸ್ತರ, ನಿಮ್ಮ ಲೆಕ್ಕದ ವಹಿ ಒಂದಿಷ್ಟು ಓದ್ರಿ.”

“ತಪ್ಪು ಹುಡುಕಾಕ ಬಂದಿಯೇನು? ಪ್ರತಿ ಸಂತೀಗೂ ನಾನ ಬಂದು ನಿನ್ನ ರಾಶಿ ನೋಡಿ ಬರದೇನಿ. ಒಂದು ವಾರಾನೂ ಬಿಟ್ಟಿಲ್ಲ!”

ಹೆಮ್ಮೆಯಿಂದಲೇ ಓದಿದರು. ಶ್ರಾವಣದ ಮೊದಲ ಸಂತೆ: ಒಂದು ಟನ್, ಅದರಾಗ ಪರಸಪ್ಪನ ಚಕ್ಕಡಿಯ ಹಳೇ ಕಬ್ಬಿಣದ ಗಾಲಿಪಟ್ಟಿ ಎರಡು. ಎರಡನೇ ಸಂತೆ: ಎರಡು ಟನ್, ಪರಸಪ್ಪನ ಗಾಲಿಪಟ್ಟಿ ಎರಡು. ಮೂರನೇದು: ಮೂರು ಟನ್, ಗಾಲಿಪಟ್ಟಿ ಎರಡು. ನಾಲ್ಕನೇದು...

“ಪರಸ್ಯಾ, ನಿನ್ನ ಚಕ್ಕಡಿಗೆ ಎಂಟು ಗಾಲಿ ಏನೋ?” ದಸ್ತಗೀರಸಾಬ ನಡುವೆ ಕೇಳಿದ.

“ಎಂಟಿದ್ರ ಅದು ಚಕ್ಕಡಿ ಅಲ್ಲೋ, ರೈಲ್ವೆ ಡಬ್ಬಿ!”

ಮಾಸ್ತರರ ಬೆರಳು ವಹಿಯ ಮೇಲೇ ನಿಂತಿತು.

“ಲಾರಿ ಬರೂತನಕ ರಾಶಿ ಅಲ್ಲೇ ಬಿದ್ದಿರ್ತೈತ್ರಿ,” ಎಂದ ದಸ್ತಗೀರಸಾಬ. “ನೀವು ವಾರ ವಾರ ಅದನ್ನ ಹೊಸಾದು ಅಂತ ಬರಕೊಂಡ್ರಿ. ಒಂದು, ಎರಡು, ಮೂರು, ನಾಕು ಕೂಡಿಸಿ ತಿಂಗಳಿಗೆ ಹತ್ತು ಆತು. ಊರಿಂದ ಹೋಗಿದ್ದು ನಾಕ.”

“ನಲವತ್ತೆಂಟು ಅಂದ್ರ ಭಾಳ ಸಣ್ಣದಾತಲ್ಲೋ...”

“ಸಣ್ಣದೇನ್ರಿ? ಲಾರಿಗೆ ಹೇರಿದಾಂವ ನಾನು. ನನ್ನ ಬೆನ್ನು ಕೇಳ್ರಿ!”

ಮುಂದಿನ ಸಂತೆಯ ದಿನ ಮಾಸ್ತರರೇ ಏಣಿ ಹತ್ತಿ, ಎಲ್ಲರೆದುರು ೧೨೦ಕ್ಕೆ ಬಣ್ಣ ಬಳಿದು ೪೮ ಎಂದು ಬರೆದರು. ಏಣಿ ಹಿಡಿದವನು ಪರಸಪ್ಪ. ಅಲ್ಲಿಂದ ನೇರ ಕಬ್ಬಿಣದ ತೂತು ಬಕೀಟು ಹಿಡಿದು ಗುಜರಿಗೆ ಬಂದ. ಹೋದ ವಾರ ಮರಳಿ ಹೋಗಿದ್ದ ಮೂವರೂ ಅವನ ಹಿಂದಿದ್ದರು.

ದಸ್ತಗೀರಸಾಬ ಎರಡು ಮಾರು ದೂರ ಸರಿದು ಕೈಕಟ್ಟಿ ನಿಂತ.

“ಕಲ್ಲು ಎಣಿಸ್ಕೋ.”

“ಎಣಸೂದೇನು ಬ್ಯಾಡ, ನೀನ ತೂಗು. ಮಾಸ್ತರಿಗಷ್ಟ ಹೇಳಿಡು,” ಎಂದ ಪರಸಪ್ಪ, “ಬಕೀಟ ಒಂದ ಐತಿ.”