ಗೋಪುರದ ಅಕ್ಕ, ಗೋರೆಗಾಂವಿನ ಅಕ್ಕ

ಮುಂಬಯಿಯ ಆಂಟಾಪ್ ಹಿಲ್ಲಿನ ನಮ್ಮ ಮನೆಯಲ್ಲಿ ಟೀವಿಯ ಮುಂದೆ ಒಂದು ವಿಡಿಯೊ ಗೇಮಿನ ಕಂಟ್ರೋಲರ್ ಸದಾ ಬಿದ್ದಿರುತ್ತದೆ. ನನ್ನ ಕೈಯ ಅರಿಶಿನ ಹತ್ತಿ ಅದರ ಒಂದು ಗುಂಡಿ ಹಳದಿಯಾಗಿದೆ. ನಗಬೇಡಿ! ಮಗಳು ರಶ್ಮಿ ತನಗೆಂದು ತಂದ ಗೇಮು ಐವತ್ತೆರಡರ ನನ್ನ ಪಾಲಾಗಿದೆ.

ಓಪನ್ ವರ್ಲ್ಡ್ ಅನ್ನುತ್ತಾರೆ ಇದಕ್ಕೆ. ಬೆಟ್ಟ, ಹೊಳೆ, ಊರು, ಎಲ್ಲಿ ಬೇಕಾದರೂ ಅಲೆಯಬಹುದು. ನಾಯಕಿಯ ಅಕ್ಕನನ್ನು ಗೋಪುರದಲ್ಲಿ ಕೂಡಿಹಾಕಿದ್ದಾರೆ, ಅವಳನ್ನು ಬಿಡಿಸಬೇಕು, ಕತೆ ಇಷ್ಟೇ. ನಾನೋ, ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸದೆ ಹೋಗುವುದು ವಿಜಯಪುರದ ಹೆಣ್ಣಿಗೆ ಶೋಭೆಯಲ್ಲವೆಂದು ಮನೆಮನೆ ಹೊಕ್ಕು, ಒಬ್ಬಳ ಕಳೆದ ಕೋಳಿ ಹುಡುಕಿಕೊಟ್ಟು, ಇನ್ನೊಬ್ಬನ ಮುರಿದ ಮದುವೆ ಕೂಡಿಸಿ, ಅಣಬೆ ಕೀಳುತ್ತ ಮೈಮರೆತೆ. ಆಹಾ, ಏನು ಸುಖ! ಯಾವ ಕಾದಂಬರಿಕಾರ ಓದುಗರಿಗೆ ಇಷ್ಟು ಸಲಿಗೆ ಕೊಟ್ಟಾನು? ಆದರೆ ಕೋಳಿಯವಳು ನೂರು ಸಲ ಹೋದರೂ "ಇಂದು ಗಾಳಿ ಜೋರು" ಎಂದಷ್ಟೇ ಅನ್ನುತ್ತಾಳೆ. ಅಕ್ಕನಂತೂ "ಬೇಗ ಬಾ, ನಾಳೆ ಕೊಲ್ಲುತ್ತಾರೆ" ಎಂದು ಎಂಟು ತಿಂಗಳಿಂದ ಕೂಗುತ್ತಿದ್ದಾಳೆ, ಜಡೆಯ ಒಂದೆಳೆಯೂ ಕೆದರಿಲ್ಲ. ಅಷ್ಟು ದೊಡ್ಡ ಲೋಕ ಕಟ್ಟಿದ ಪುಣ್ಯಾತ್ಮ ಅದಕ್ಕೆ ಚೂರು ಅವಸರ ಬೆರೆಸಲು ಮರೆತಿದ್ದಾನೆ.

ಇದನ್ನು ಪಂಡಿತೆಯಂತೆ ಹೇಳಿದಾಗ ರಶ್ಮಿ ತನ್ನ ಅರೆಬರೆ ಕನ್ನಡದಲ್ಲಿ, "ಅವ್ವಾ, ಗೋರೆಗಾಂವ್ ಮೌಶಿ ಭೀ ಎಂಟು ತಿಂಗಳಿಂದ ವೇಟ್ ಮಾಡ್ತಿದ್ದಾಳಲ್ಲಾ?" ಎಂದಳು. ಅವಳ ಮೌಶಿಯೆಂದರೆ ನನ್ನ ಒಡಹುಟ್ಟಿದ ಅಕ್ಕ ಕಸ್ತೂರಿ; ನನ್ನ ಎಣಗಾಯಿಗೆ ಉಪ್ಪಿಲ್ಲವೆಂದು ನೆಂಟರ ಮುಂದೆ ಅಂದಳೆಂದು ಅವಳ ಜೊತೆ ಮಾತು ಬಿಟ್ಟಿದ್ದೆ. ಅವಳೆಲ್ಲಿ ಹೋಗುತ್ತಾಳೆ, ಆಮೇಲೆ ನೋಡಿದರಾಯಿತು ಎಂಬ ಧೈರ್ಯ ಬೇರೆ.

ಮರುದಿನವೇ ಎಣಗಾಯಿಯ ಡಬ್ಬಿ ಹಿಡಿದು ಲೋಕಲ್ ರೈಲು ಹತ್ತಿದೆ. ಬಾಗಿಲು ತೆರೆದ ಅಕ್ಕನ ತಲೆ ಪೂರಾ ಬೆಳ್ಳಗಾಗಿತ್ತು, ಕೈಯಲ್ಲಿ ಕೋಲಿತ್ತು. ಮೊಣಕಾಲಿನ ಆಪರೇಶನ್ ಆಗಿ ಎರಡು ತಿಂಗಳಾಗಿತ್ತಂತೆ, ನನಗೆ ಗೊತ್ತೇ ಇಲ್ಲ! ನಾನು ಅಳುತ್ತ ನಿಂತರೆ ಅವಳು ಡಬ್ಬಿ ನೋಡಿ, "ಉಪ್ಪು ಹಾಕೀಯೋ ಇಲ್ಲೋ?" ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಈಗ ಅಕ್ಕ ನಮ್ಮಲ್ಲೇ ಇದ್ದಾಳೆ. ನಿನ್ನೆ ನಾನು ಆಡುವುದನ್ನು ನೋಡುತ್ತ ಗದರಿದಳು: "ಎಷ್ಟು ದಿನದಿಂದ ಒದರಾಕತ್ತಾಳ ಆ ಹುಡುಗಿ? ಸುಡ್ಲಿ ನಿನ್ನ ಅಣಬಿ, ಮೊದಲ ಆಕೀನ್ನ ಬಿಡಸು!"

ಹಳದಿ ಗುಂಡಿ ಒತ್ತಿ ಕುದುರೆಯನ್ನು ಗೋಪುರದ ಕಡೆ ಓಡಿಸಿದೆ. ದಾರಿಯಲ್ಲಿ ಕೋಳಿಯವಳು ಸಿಕ್ಕಳು, ಮಾತಾಡಿಸಲಿಲ್ಲ.